ಲೋಟದ ಏಟಿಗೊಂದು ಬಿಟ್ಟ ಸ್ಥಳ

ಬೆಳಗಿನ ಆರು ಗಂಟೆ. ರಾಮನಗರದ ಹಳೇ ಬಡಾವಣೆಯ ಓಣಿಯೊಂದರ ಕೊನೆಯಲ್ಲಿರುವ ನೂಲು ಬಿಚ್ಚುವ ಶೆಡ್ಡಿನಲ್ಲಿ ಆಗಲೇ ಹಬೆ ತುಂಬಿದೆ. ಹತ್ತು ಬೇಸಿನ್‌ಗಳ ಮುಂದೆ ಹತ್ತು ಹೆಂಗಸರು ಕೂತು, ಬಿಸಿನೀರಿನಲ್ಲಿ ತೇಲುವ ಬೆಂದ ರೇಷ್ಮೆಗೂಡುಗಳಿಂದ ಎಳೆ ಹುಡುಕಿ ಮೇಲೆ ತಿರುಗುವ ರಾಟೆಗೆ ಕೊಡುತ್ತಿದ್ದಾರೆ. ಮೋಟಾರು ಒಂದೇ ಸಮನೆ ಗುಂಯ್‌ಗುಡುತ್ತಿದೆ. ಬಾಗಿಲ ಪಕ್ಕದ ಕಬ್ಬಿಣದ ಮೇಜಿನ ಮುಂದೆ, ಹಬೆ ತಾಗದ ಜಾಗದಲ್ಲಿ, ನಲವತ್ತೇಳು ವರ್ಷದ ಹಫೀಜಾ ಗೂಡಿನ ರಾಶಿಯನ್ನು ಎರಡೂ ಕೈಯಿಂದ ಹರಡಿ ಆರಿಸುತ್ತಿದ್ದಾರೆ. ಒಳ್ಳೆಯದು ಒಂದು ಬುಟ್ಟಿಗೆ, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಇನ್ನೊಂದಕ್ಕೆ, ಕೊಳೆತದ್ದು ಕೆಳಕ್ಕೆ. ಪಕ್ಕದಲ್ಲೊಂದು ಸ್ಟೀಲ್ ಲೋಟ ಬೋರಲಾಗಿದೆ. ಅದರಲ್ಲಿ ಚಹಾ ಕುಡಿದವರಿಲ್ಲ.

"ಗಂಗಕ್ಕ ಕಮ್ಸ್ ಟು ರಾಮನಗರ," ಎಂದು ಹಫೀಜಾ ಮೋಟಾರಿಗಿಂತ ಒಂದು ಮೆಟ್ಟಿಲು ಎತ್ತರದ ದನಿಯಲ್ಲಿ ಶುರು ಮಾಡುತ್ತಾರೆ. ಲೋಟ ಎತ್ತಿ ಮೇಜಿನ ಕಾಲಿಗೆ ಒಂದು ಏಟು. ಟಣ್.

"ಬೈ," ಎಂದು ಹಬೆಯೊಳಗಿಂದ ನಾಲ್ಕೈದು ದನಿಗಳು.

"ಬಸ್. ಶಿ ಲಿವ್ಸ್ ಇನ್," ಟಣ್.

"ಎ."

"ವಿಲೇಜ್ ನಿಯರ್ ಮಾಗಡಿ. ದೇರ್ ಈಸ್ ನೋ ಟ್ರೈನ್," ಟಣ್.

"ಟು."

"ಮಾಗಡಿ."

ಮೂರನೇ ಬೇಸಿನ್ ಮುಂದೆ ಕೂತಿರುವ ಗಂಗಲಕ್ಷ್ಮಮ್ಮ ತಲೆ ಎತ್ತದೆ ಹೇಳುತ್ತಾರೆ: "ನೀನು ದಿನಾ ಹಿಂಗೆ ಲೋಟ ಬಡಿದ್ರೂ ಅಲ್ಲಿಗೆ ರೈಲು ಬರಾಕಿಲ್ಲ ಕಣ್ ಹಫೀಜಕ್ಕ. ಐದು ಗಂಟೆ ಬಸ್ಸೇ ನನ್ ಗತಿ."

ನಗು ಏಳುತ್ತದೆ. ಯಾರ ಕೈಯೂ ನಿಲ್ಲುವುದಿಲ್ಲ. ಕೈ ನಿಂತರೆ ಎಳೆ ಹರಿಯುತ್ತದೆ.

ಇದು ಇಂಗ್ಲಿಷ್ ವ್ಯಾಕರಣದ ತರಗತಿ. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟುವ, ಶಾಲೆ ಬಿಟ್ಟು ವರ್ಷಗಳಾದ ಹೆಂಗಸರಿಗಾಗಿ ಒಂಬತ್ತು ವರ್ಷದಿಂದ ನಡೆಯುತ್ತಿದೆ. ಕಪ್ಪುಹಲಗೆ ಇಲ್ಲ, ಪುಸ್ತಕ ಇಲ್ಲ, ಹಾಜರಿ ಇಲ್ಲ. ವಾಕ್ಯ ಹೇಳುತ್ತಾ ಹೋಗಿ, ಪದ ಬಿಡಬೇಕಾದ ಕಡೆ ಹಫೀಜಾ ಲೋಟ ಬಡಿಯುತ್ತಾರೆ. ಬಡಿದ ಜಾಗಕ್ಕೆ ಹುಡುಗಿಯರು ಪದ ಕೊಡಬೇಕು. ಒಂದು ಏಟಿಗೆ ಒಂದು ಪದ. ತಪ್ಪಿದರೆ ಎರಡು ಏಟು, ವಾಕ್ಯ ಮೊದಲಿಂದ. ಒಂದು ಪಾಠ ಬೆಳಿಗ್ಗೆ ಮೂರು ಸುತ್ತು ನಡೆಯುತ್ತದೆ. ಪ್ರತಿ ಸುತ್ತಿನಲ್ಲೂ ಏಟು ಬೀಳುವ ಜಾಗ ಬೇರೆ. ಹಾಗಾಗಿ ಉತ್ತರಗಳನ್ನು ಸಾಲಾಗಿ ಬಾಯಿಪಾಠ ಮಾಡಿಕೊಂಡವರು ಎರಡನೇ ಸುತ್ತಿಗೇ ಸಿಕ್ಕಿಬೀಳುತ್ತಾರೆ.

"ನಾನು ಟೀಚರ್ ಅಲ್ಲ," ಎನ್ನುತ್ತಾರೆ ಹಫೀಜಾ. "ಗೂಡು ಆರಿಸೋಳು. ಬಾಯಿ ಖಾಲಿ ಇರ್ತದೆ, ಅದಕ್ಕೆ ಒಸಿ ಕೆಲಸ ಕೊಟ್ಟಿದೀನಿ."

ಹಫೀಜಾ ಪಿಯುಸಿ ಮುಗಿಸಿದ್ದು ಇಪ್ಪತ್ತೊಂಬತ್ತು ವರ್ಷದ ಹಿಂದೆ. ಇಂಗ್ಲಿಷ್‌ನಲ್ಲಿ ಎಪ್ಪತ್ತೊಂದು ಬಂದಿತ್ತು, ತರಗತಿಗೇ ಹೆಚ್ಚು. ಟೀಚರ್ ಟ್ರೈನಿಂಗ್ ಅರ್ಜಿ ತುಂಬಿ ಮುಗಿಸಿದ್ದರು. ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ತಂದೆ ಅದೇ ತಿಂಗಳು ಸೊಂಟ ಮುರಿದುಕೊಂಡು ಮಲಗಿದರು. ಅರ್ಜಿ ಪೆಟ್ಟಿಗೆ ಸೇರಿತು, ಹಫೀಜಾ ಶೆಡ್ಡು ಸೇರಿದರು. ಅಂದಿನಿಂದ ದಿನಕ್ಕೆ ಸುಮಾರು ಅರವತ್ತು ಕೆಜಿ ಗೂಡು ಅವರ ಕೈ ಹಾಯುತ್ತದೆ. ಗಂಡ ಅಸದುಲ್ಲಾ ಬಿಡದಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ಅವರು ತರುವ, ಒಂದು ಬದಿ ಮಾತ್ರ ಅಚ್ಚಾದ ಹಳೆಯ ಹಾಳೆಗಳನ್ನು ಹೊಲಿದೇ ಹಫೀಜಾ ತಮ್ಮ ನೋಟ್‌ಬುಕ್ ಮಾಡಿಕೊಳ್ಳುತ್ತಾರೆ.

ತರಗತಿ ಶುರುವಾದದ್ದು ಒಂದು ಬೈಗುಳದಿಂದ. ಕೆಹಕಶಾನ್ ಎಂಬ ಹುಡುಗಿ ಆಗ ಐದನೇ ಬೇಸಿನ್‌ನಲ್ಲಿದ್ದಳು. ಪರೀಕ್ಷೆ ಕಟ್ಟಿದ್ದಳು, ಓದಲು ಹೊತ್ತಿರಲಿಲ್ಲ. ಗೈಡಿಗೆ ಪ್ಲಾಸ್ಟಿಕ್ ಹೊದಿಸಿ ಬೇಸಿನ್ ಪಕ್ಕ ಇಟ್ಟುಕೊಂಡಳು. ಎರಡು ದಿನಕ್ಕೆ ಹಬೆ ಕುಡಿದು ಗೈಡ್ ಇಡ್ಲಿಯಂತೆ ಉಬ್ಬಿತು, ನಾಲ್ಕು ಎಳೆ ಹರಿದವು. ಶೆಡ್ಡಿನ ಮಾಲೀಕ ಇದ್ರೀಸ್ ಬೈದರು. ಮರುದಿನ ಹಫೀಜಾ ಆ ಗೈಡನ್ನು ತಮ್ಮ ಒಣ ಮೇಜಿಗೆ ತಂದು, ಗಟ್ಟಿಯಾಗಿ ಓದತೊಡಗಿದರು.

"ಬಿಟ್ಟ ಸ್ಥಳ ಬಂದಾಗ ಏನಂತ ಓದದು? ಡ್ಯಾಶ್ ಅಂದೆ. ಈ ಹುಡುಗಿ ಡ್ಯಾಶನ್ನೂ ಸೇರಿಸ್ಕೊಂಡು ಬಾಯಿಪಾಠ ಮಾಡ್ಬುಟ್ಲು. ಅದಕ್ಕೇ ಲೋಟ ತಗಂಡು ಹೊಡ್ದೆ. ಅವತ್ತಿಂದ ಡ್ಯಾಶ್ ಹೋಯ್ತು."

ಗೈಡ್ ಕೂಡ ಬೇಗನೆ ಹೋಯಿತು. ಅದರ ಪಾಠಗಳಲ್ಲಿ ಹಿಮ ಬೀಳುತ್ತಿತ್ತು, ಮಕ್ಕಳು ಪಿಕ್‌ನಿಕ್ ಹೋಗುತ್ತಿದ್ದರು, ಯಾರೋ ಒಬ್ಬರು ಛತ್ರಿ ಮರೆತು ಬರುತ್ತಿದ್ದರು. ಶೆಡ್ಡಿನಲ್ಲಿ ಯಾರಿಗೂ ಛತ್ರಿಯ ಬಗ್ಗೆ ಕನಿಕರ ಹುಟ್ಟಲಿಲ್ಲ. ಹಫೀಜಾ ತಾವೇ ಬರೆಯತೊಡಗಿದರು. ಗೂಡಿನ ಹರಾಜಿನಲ್ಲಿ ಬೆಳಗಾಗುವುದು. ಚನ್ನಪಟ್ಟಣದ ಮುದುಕನೊಬ್ಬ ತಿರುಗುವ ಮರಕ್ಕೆ ಅರಗು ಒತ್ತಿ ಬುಗುರಿಗೆ ಬಣ್ಣ ಕೊಡುವುದು. ದೊಡ್ಡಆಲಹಳ್ಳಿಯ ರೈತನ ಹಿಪ್ಪುನೇರಳೆ ತೋಟಕ್ಕೆ ಪಕ್ಕದ ಮನೆ ಮೇಕೆ ನುಗ್ಗುವುದು. ಮೇಕೆಯ ಪಾಠ ಎಲ್ಲರಿಗೂ ಇಷ್ಟ, ಅದರಲ್ಲಿ ಜಗಳವಿದೆ. ಇಂದಿಗೆ ಏಳು ನೋಟ್‌ಬುಕ್, ಇನ್ನೂರ ಹನ್ನೆರಡು ಪಾಠ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬರೆದು, ಮನೆಗೆ ನಡೆಯುತ್ತಾ ಬಾಯಿಪಾಠ ಮಾಡಿಕೊಂಡು, ಬೆಳಿಗ್ಗೆ ಗೂಡಿನ ಮೇಲಿಂದ ಕಣ್ಣೆತ್ತದೆ ಹೇಳುತ್ತಾರೆ.

ಒಂಬತ್ತು ವರ್ಷದಲ್ಲಿ, ಈ ವರ್ಷದ ಮಾರ್ಚ್ ಪರೀಕ್ಷೆಯವರೆಗೆ, ಈ ಶೆಡ್ಡಿನಿಂದ ಪರೀಕ್ಷೆ ಬರೆದವರು ಮೂವತ್ತನಾಲ್ಕು ಮಂದಿ. ಪಾಸಾದವರು ಇಪ್ಪತ್ತಾರು. ಗಂಗಲಕ್ಷ್ಮಮ್ಮ ಪಾಸಾದಾಗ ಅವರಿಗೆ ಮೂವತ್ತೆಂಟು. "ಮಗಳ ಸ್ಕೂಲ್ ಫಾರಮ್ಮಲ್ಲಿ ತಾಯಿ ಏನ್ ಓದವ್ರೆ ಅಂತ ಕಾಲಂ ಇತ್ತು," ಎನ್ನುತ್ತಾರೆ ಅವರು. "ಅಲ್ಲಿ ಗೀಟು ಎಳೆಯಾಕೆ ನಾಚ್ಕೆ ಆಗೋದು. ಈಗ ಬರಿತೀನಿ. ಅಷ್ಟಕ್ಕೆ ಎರಡು ವರ್ಷ ಇವಳ ಲೋಟ ಸಯಿಸ್ಕೊಂಡಿದೀನಿ."

ಈ ಲೆಕ್ಕದಲ್ಲಿ ಉಳಿದವರು ಎಂಟು ಮಂದಿ. ಎಂಟೂ ಜನ ಫೇಲಾದದ್ದು ಇಂಗ್ಲಿಷ್‌ನಲ್ಲೇ. ಈ ವರ್ಷದ ಮೇ ತಿಂಗಳವರೆಗೆ ಹಫೀಜಾ ಆ ಎಂಟನ್ನು ದೊಡ್ಡ ಸಂಖ್ಯೆ ಎಂದುಕೊಂಡಿರಲಿಲ್ಲ. ಎಲ್ಲರೂ ದಾಟಲು ಆಗುತ್ತದೆಯೇ ಎಂದು ಸಮಾಧಾನ ಮಾಡಿಕೊಂಡಿದ್ದರು.

ಎಂಟನೆಯವಳು ಸುಹಾನಾ. ಹದಿನೆಂಟು ವರ್ಷ, ಏಳನೇ ಬೇಸಿನ್. ಶೆಡ್ಡಿನ ಮೋಟಾರು ಕೆಟ್ಟಾಗ ಮೆಕ್ಯಾನಿಕ್ ಬರುವ ಮೊದಲೇ ಮುಚ್ಚಳ ಬಿಚ್ಚಿ ನೋಡುವ ಹುಡುಗಿ. ಐಟಿಐ ಸೇರಿ ಎಲೆಕ್ಟ್ರಾನಿಕ್ಸ್ ಕಲಿಯಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದಳು. ಅದಕ್ಕೆ ಬೇಕಾದದ್ದು ಎಸ್ಸೆಸ್ಸೆಲ್ಸಿ ಪಾಸು. ಮಾರ್ಚ್‌ನಲ್ಲಿ ಬರೆದಳು. ಶೆಡ್ಡಿನಲ್ಲಿ ಲೋಟ ಬಿದ್ದ ಕೂಡಲೇ ಎಲ್ಲರಿಗಿಂತ ಮೊದಲು ಪದ ಕೊಡುತ್ತಿದ್ದವಳು ಅವಳೇ. ಫಲಿತಾಂಶ ಬಂದಾಗ ಉಳಿದೆಲ್ಲ ವಿಷಯ ಪಾಸು, ಇಂಗ್ಲಿಷ್‌ನಲ್ಲಿ ಮೂರು ಅಂಕ ಕಡಿಮೆ.

"ನಂಬಲಿಲ್ಲ ನಾನು," ಎನ್ನುತ್ತಾರೆ ಹಫೀಜಾ. "ಬೇರೆ ಯಾರೋ ಆಗಿದ್ರೆ ಸುಮ್ಮನಾಗ್ತಿದ್ದೆ. ಈ ಹುಡುಗಿ ಬಿಟ್ಟ ಸ್ಥಳ ಬಿಡೋಳೇ ಅಲ್ಲ."

ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿಸಿದರು. ಐದು ದಿನಕ್ಕೆ ಅದು ಸೈಬರ್ ಸೆಂಟರಿನ ಪರದೆಯ ಮೇಲೆ ಬಂತು. ಹಫೀಜಾ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡಿದರು. ಆರನೇ ಪುಟದಲ್ಲಿ ಆ ಪ್ರಶ್ನೆ ಇತ್ತು. ಒಂದು ಸಣ್ಣ ಗದ್ಯಭಾಗ, ನಾಲ್ಕು ಬಿಟ್ಟ ಸ್ಥಳ, ನಾಲ್ಕು ಅಂಕ. ಸುಹಾನಾ ಪ್ರಶ್ನೆಯ ಸಂಖ್ಯೆ ಬರೆದು, ಅದರ ಮುಂದೆ ನಾಲ್ಕು ಪದಗಳನ್ನು ಒಂದೇ ಸಾಲಿನಲ್ಲಿ ಬರೆದಿದ್ದಳು. ನಾಲ್ಕೂ ಸರಿ. ನಾಲ್ಕೂ ಕ್ರಮವಾಗಿವೆ. ಪಕ್ಕದಲ್ಲಿ ಕೆಂಪು ಶಾಯಿಯ ದುಂಡನೆಯ ಸೊನ್ನೆ.

ಪ್ರಶ್ನೆ ಪತ್ರಿಕೆಯಲ್ಲಿ ಬಿಟ್ಟ ಸ್ಥಳಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಸಂಖ್ಯೆಗಳಿದ್ದವು. ಉತ್ತರದಲ್ಲಿ ಅವು ಇರಲಿಲ್ಲ. ಸೊನ್ನೆಗೆ ಬೇರೆ ಕಾರಣ ಇರಲು ಸಾಧ್ಯವಿಲ್ಲ.

ಲೋಟದ ಏಟಿಗೆ ಸಂಖ್ಯೆ ಇರುವುದಿಲ್ಲ. ಒಂಬತ್ತು ವರ್ಷ ಕಿವಿಯಿಂದ ಕಲಿತ ಹೆಂಗಸರಿಗೆ ಬಿಟ್ಟ ಸ್ಥಳ ಎಂದರೆ ಒಂದು ಸದ್ದು, ಸದ್ದಿನ ಬೆನ್ನಿಗೆ ಒಂದು ಪದ. ಅವರು ಪರೀಕ್ಷಾ ಕೊಠಡಿಯಲ್ಲೂ ಹಾಗೆಯೇ ಬರೆದರು, ಶೆಡ್ಡಿನಲ್ಲಿ ಹೇಳುವ ಹಾಗೆ, ಒಂದರ ಹಿಂದೆ ಒಂದು. ಅದರ ಮೇಲೆ ಹಫೀಜಾ ಒಂದು ಸಲಹೆಯನ್ನೂ ಕೊಟ್ಟಿದ್ದರು. ಸೈಬರ್ ಸೆಂಟರಿನ ಸ್ಟೂಲಿನ ಮೇಲೆ ಕೂತಾಗ ಅದು ಅವರಿಗೆ ನೆನಪಾಯಿತು.

"ಪೂರ್ತಿ ಪ್ಯಾರಾ ಬರೀಬೇಡಿ, ಟೈಮ್ ಸಾಲಲ್ಲ, ಪದ ಮಾತ್ರ ಬರ್ದುಬುಡಿ ಅಂತ ನಾನೇ ಹೇಳಿದ್ದೆ. ನಮ್ಮ ಕಾಲದಲ್ಲಿ ಪೂರ್ತಿ ಬರೀತಿದ್ವಿ, ನಂಬರ್ ಹಾಕೋ ಮಾತೇ ಇರಲಿಲ್ಲ. ಈಗಿನ ಪೇಪರ್ ಹೆಂಗೆ ಬರೀಬೇಕು ಅಂತ ನಾನು ಯಾರನ್ನ ಕೇಳ್ಲಿ? ನನಗೆ ತೋರ್ಸೋರು ಯಾರವ್ರೆ?"

ಪ್ರಶ್ನೆ ನ್ಯಾಯವಾದದ್ದು. ಶಾಲೆಗೆ ಹೋಗುವ ಮಕ್ಕಳಿಗೆ ಉತ್ತರ ಬರೆಯುವ ರೀತಿಯನ್ನು ವರ್ಷವಿಡೀ ತಿದ್ದಿ ತೀಡಿ ಕಲಿಸುತ್ತಾರೆ. ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ, ಮಾದರಿ ಉತ್ತರ ಎಲ್ಲವೂ ಅವರಿಗಿವೆ. ಖಾಸಗಿಯಾಗಿ ಕಟ್ಟುವವರಿಗೆ ಸಿಗುವುದು ಪ್ರವೇಶಪತ್ರ ಒಂದೇ. ಉತ್ತರ ಪತ್ರಿಕೆಯ ಮೊದಲ ಪುಟದಲ್ಲಿ ಸೂಚನೆಗಳಿರುವುದು ನಿಜ. ಅದರ ಒಂಬತ್ತನೇ ಸಾಲು ಉಪಪ್ರಶ್ನೆಗಳ ಸಂಖ್ಯೆ ಬರೆಯಬೇಕು ಎಂದೂ ಹೇಳುತ್ತದೆ. ಆ ಸೂಚನೆ ಅಚ್ಚಾಗಿರುವುದು ಇಂಗ್ಲಿಷ್‌ನಲ್ಲಿ, ಜೀರಿಗೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ. ಅದನ್ನು ಸಲೀಸಾಗಿ ಓದಬಲ್ಲವರು ಇಂಗ್ಲಿಷ್‌ನಲ್ಲಿ ಫೇಲಾಗುವ ಭಯದಿಂದ ಬೆಳಿಗ್ಗೆ ಆರಕ್ಕೆ ಲೋಟಕ್ಕೆ ಕಿವಿ ಕೊಟ್ಟು ಕೂರುತ್ತಿರಲಿಲ್ಲ.

ಮಹೇಂದ್ರ ಎಂಬವರು ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು, ಮೌಲ್ಯಮಾಪನದ ಕೆಲಸಕ್ಕೆ ಹನ್ನೊಂದು ವರ್ಷ ಹೋಗಿ ಬಂದವರು. ಹಫೀಜಾ ಅವರ ಮನೆಗೆ ಹೋಗಿ ಆರನೇ ಪುಟದ ಪ್ರಿಂಟ್ ತೋರಿಸಿದರು. ಮೇಷ್ಟ್ರು ಬಹಳ ಹೊತ್ತು ನೋಡಿದರು.

"ನಿಯಮದ ಪ್ರಕಾರ ತಪ್ಪೇ ಅಮ್ಮ," ಎಂದರು. "ಆದ್ರೆ ನಾಲ್ಕು ಜಾಗ, ನಾಲ್ಕು ಪದ, ಅದೇ ಸಾಲು. ಕಣ್ಣಿದ್ದೋರಿಗೆ ಕಾಣುತ್ತೆ. ನಾನಾಗಿದ್ರೆ ಹಾಕ್ತಿದ್ದೆ." ಆಮೇಲೆ ತಮ್ಮ ಮಾತನ್ನು ತಾವೇ ತಿದ್ದಿದರು. "ಹಾಕ್ತಿದ್ದೆ ಅಂತ ಈಗ ಹೇಳ್ತೀನಿ. ಅಲ್ಲಿ ಕೂತಾಗ ಪಕ್ಕಕ್ಕೆ ಗಂಟೆಗೊಂದ್ಸಲ ಬಂದು ಎಷ್ಟು ಪೇಪರ್ ಆಯ್ತು ಅಂತ ಕೇಳ್ತಾರೆ. ನಂಬರ್ ಇಲ್ಲದ್ದಕ್ಕೆ ಅಂಕ ಯಾಕೆ ಕೊಟ್ರಿ ಅಂತ ನೋಟಿಸ್ ಬರುತ್ತೆ. ಸೊನ್ನೆ ಯಾಕೆ ಹಾಕಿದ್ರಿ ಅಂತ ಇದುವರೆಗೂ ಯಾರಿಗೂ ನೋಟಿಸ್ ಬಂದಿದ್ದು ನಾನು ನೋಡಿಲ್ಲ."

ಸೊನ್ನೆ ಹಾಕಿದ ಕೈ ಯಾವುದೆಂದು ಯಾರೂ ಹೇಳಲಾರರು. ಆದರೆ ಮೇಷ್ಟ್ರು ಹೇಳಿದ ಕಡೆಯ ಮಾತಿನಲ್ಲಿ ವ್ಯವಸ್ಥೆಯ ತಕ್ಕಡಿ ಎತ್ತ ವಾಲಿದೆ ಎಂಬುದು ಕಾಣುತ್ತದೆ. ಕೊಟ್ಟರೆ ಕೇಳುವವರಿದ್ದಾರೆ. ಕಿತ್ತುಕೊಂಡರೆ ಕೇಳುವವರಿಲ್ಲ.

ಮರುಮೌಲ್ಯಮಾಪನಕ್ಕೆ ಅರ್ಜಿ ಹೋಯಿತು. ಅದರ ಜೊತೆ ವಿವರಣೆ ಕೊಡೋಣವೆಂದು ಹಫೀಜಾ ಒಂದು ದಿನ ಕೆಲಸ ಬಿಟ್ಟು, ಸುಹಾನಾಳನ್ನು ಕರೆದುಕೊಂಡು ರೈಲು ಹತ್ತಿ ಪರೀಕ್ಷಾ ಮಂಡಳಿಯ ಕಚೇರಿಗೆ ಹೋದರು. ಕಿಟಕಿಯೊಳಗಿನ ಗುಮಾಸ್ತರು ಕೇಳಿದರು: "ನೀವು ಟೀಚರಾ?"

"ಅಲ್ಲ ಸಾರ್."

"ತಾಯಿನಾ?"

"ಅಲ್ಲ."

"ಮತ್ತೆ ಯಾರಮ್ಮ ನೀವು?"

"ಗೂಡು ಆರಿಸೋಳು ಸಾರ್. ಈ ಹುಡುಗಿಗೆ ಇಂಗ್ಲಿಷ್ ಹೇಳ್ಕೊಟ್ಟಿದೀನಿ."

ಗುಮಾಸ್ತರು ನಕ್ಕರು. ಕೆಟ್ಟ ನಗು ಅಲ್ಲ ಎನ್ನುತ್ತಾರೆ ಹಫೀಜಾ, ಎಲ್ಲಿ ಬರೆದುಕೊಳ್ಳಬೇಕೆಂದು ತೋಚದವರ ನಗು. ರಿಜಿಸ್ಟರಿನಲ್ಲಿ ಅಭ್ಯರ್ಥಿ, ಪೋಷಕರು, ಶಾಲೆ ಎಂಬ ಮೂರೇ ಕಾಲಂ ಇದ್ದವು. ಹಫೀಜಾ ಮಾತ್ರ ನಗಲಿಲ್ಲ.

"ಸಾರ್, ನಾನು ದಿನಾ ಅರವತ್ತು ಕೇಜಿ ಗೂಡು ನೋಡ್ತೀನಿ," ಎಂದರು. "ಮೇಲೆ ಕಲೆ ಕಂಡಿದ್ದಕ್ಕೆಲ್ಲ ಕೊಳೆತೈತೆ ಅಂತ ಎಸೆದ್ರೆ ನಮ್ಮ ಓನರ್ ನನ್ನನ್ನ ಮನೇಗೆ ಕಳಿಸ್ತಾರೆ. ಒತ್ತಿ ನೋಡ್ಬೇಕು. ಒಳಗೆ ನೂಲು ಐತಾ ಇಲ್ವಾ ಅಂತ ನೋಡೇ ಎಸೀಬೇಕು. ನಿಮ್ಮೋರು ಒತ್ತಿ ನೋಡ್ಲಿಲ್ಲ."

ಅರ್ಜಿಯ ಮೇಲೆ ಮುದ್ರೆ ಬಿತ್ತು. ವಿವರಣೆಯ ಕಾಗದವನ್ನು ಗುಮಾಸ್ತರು ವಾಪಸ್ ಕೊಟ್ಟರು. ಅದನ್ನು ಲಗತ್ತಿಸಲು ಅವಕಾಶವಿಲ್ಲ.

ಹಫೀಜಾರನ್ನು ಚಿಕ್ಕಮ್ಮನಂತೆ ಖಾಲಾ ಎನ್ನುವ ಸುಹಾನಾ ವಾಪಸ್ ಬರುವ ರೈಲಿನಲ್ಲಿ ಒಂದು ಮಾತು ಕೇಳಿದಳು. "ಖಾಲಾ, ನನಗಿಂತ ಮುಂಚೆ ಫೇಲಾದೋರು ಹೆಂಗೆ ಬರ್ದಿದ್ರು?"

ಆ ಪ್ರಶ್ನೆ ಹಫೀಜಾರನ್ನು ಮೂರು ಭಾನುವಾರ ತಿರುಗಾಡಿಸಿತು.

ಸುಹಾನಾಳನ್ನು ಬಿಟ್ಟರೆ ಏಳು ಮಂದಿ. ಮೊದಲು ಹೋದದ್ದು ಚನ್ನಪಟ್ಟಣಕ್ಕೆ, ಕೆಹಕಶಾನ್ ಮನೆಗೆ. ಆ ಹಬೆ ಕುಡಿದ ಗೈಡಿನ ಹುಡುಗಿಗೆ ಈಗ ಇಪ್ಪತ್ತೇಳು, ಇಬ್ಬರು ಮಕ್ಕಳು. ಮನೆಯ ಜಗಲಿಯಲ್ಲಿ ಕೂತು ಮರದ ಗೊಂಬೆಗಳಿಗೆ ಕಣ್ಣು ಬರೆಯುತ್ತಾಳೆ, ದಿನಕ್ಕೆ ನಾನೂರು ಜೊತೆ. ಬಿಟ್ಟ ಸ್ಥಳವನ್ನು ಹೇಗೆ ಬರೆದಿದ್ದೆ ಎಂದು ಹಫೀಜಾ ಕೇಳಿದಾಗ ಅವಳು ಕುಂಚ ಇಳಿಸಲೂ ಇಲ್ಲ.

"ನೀವು ಹೇಳ್ಕೊಟ್ಟಂಗೇ ಖಾಲಾ. ಒಂದೇ ಉಸ್ರಿಗೆ."

"ನಂಬರ್ ಹಾಕಿದ್ಯಾ?"

"ಲೋಟಕ್ಕೆ ಎಲ್ಲಿ ನಂಬರ್ ಇತ್ತು?"

ಅಂಕಪಟ್ಟಿಯನ್ನು ಅವಳು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದಾಳೆ. ಇಂಗ್ಲಿಷ್‌ನಲ್ಲಿ ಕಡಿಮೆ ಬಿದ್ದದ್ದು ಎರಡು ಅಂಕ.

ಹಫೀಜಾ ಪತ್ತೆ ಮಾಡಿದ್ದು ಆರು ಮಂದಿಯನ್ನು. ಐವರು ಒಂದೇ ಸಾಲಿನಲ್ಲಿ ಸಂಖ್ಯೆ ಇಲ್ಲದೆ ಬರೆದಿದ್ದರು, ಒಬ್ಬರಿಗೆ ನೆನಪಿಲ್ಲ. ಅಂಕಪಟ್ಟಿ ಉಳಿಸಿಕೊಂಡವರು ಮೂವರು. ಕೆಹಕಶಾನ್‌ಗೆ ಎರಡು ಕಡಿಮೆ, ಇನ್ನೊಬ್ಬರಿಗೆ ನಾಲ್ಕು, ಮತ್ತೊಬ್ಬರಿಗೆ ಒಂಬತ್ತು. ಒಂಬತ್ತು ಕಡಿಮೆ ಇದ್ದವರು ಈ ನಾಲ್ಕು ಸಿಕ್ಕಿದ್ದರೂ ಪಾಸಾಗುತ್ತಿರಲಿಲ್ಲ. ಉಳಿದಿಬ್ಬರು ಆ ನಾಲ್ಕು ಅಂಕದಿಂದಲೇ ಫೇಲಾದರೇ ಎಂಬುದಕ್ಕೆ ಉತ್ತರ ಅವರ ಉತ್ತರ ಪತ್ರಿಕೆಯಲ್ಲಿತ್ತು. ಆ ಪತ್ರಿಕೆಗಳನ್ನು ಅವಧಿ ಮುಗಿದ ಮೇಲೆ ರದ್ದಿಗೆ ಹಾಕಿ ವರ್ಷಗಳಾಗಿವೆ. ಸ್ಕ್ಯಾನ್ ಪ್ರತಿ ಕೇಳಬಹುದು ಎಂಬುದೇ ಅಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೇಲ್ ಎಂದಾಗ ತಲೆ ತಗ್ಗಿಸಿಕೊಂಡು ಬೇಸಿನ್ನಿಗೆ ವಾಪಸ್ ಬಂದರು. ಪಾಸಾದ ಇಪ್ಪತ್ತಾರು ಮಂದಿಯಲ್ಲೂ ಹಲವರು ನಾಲ್ಕು ಅಂಕ ಕಳೆದುಕೊಂಡೇ ಪಾಸಾಗಿರಬೇಕು. ಗಂಗಲಕ್ಷ್ಮಮ್ಮ ತಾವೂ ನಂಬರ್ ಹಾಕಿರಲಿಲ್ಲ ಎನ್ನುತ್ತಾರೆ.

"ನನಗೆ ಮೂವತ್ತೇಳು ಬಂದಿತ್ತು," ಎನ್ನುತ್ತಾರೆ ಅವರು. "ಅಂದ್ರೆ ನಲವತ್ತೊಂದು ಕಣಮ್ಮಿ. ನಾಲ್ಕು ಅವರೇ ಇಟ್ಕೊಂಡವ್ರೆ. ಕೊಟ್ಟಿದ್ರೆ ನಾನೂ ಒಸಿ ಬೀಗ್ತಿದ್ದೆ."

ಅಷ್ಟರಲ್ಲಿ, ಫೇಲಾದವರಿಗೆ ಅದೇ ವರ್ಷ ನಡೆಯುವ ಎರಡನೇ ಪರೀಕ್ಷೆ ಹತ್ತಿರ ಬಂತು. ಐಟಿಐ ಅರ್ಜಿಯ ಗಡುವು ಜೂನ್ ಕೊನೆಗಿತ್ತು. ಈ ಸಲ ತಪ್ಪಿದರೆ ಸುಹಾನಾಗೆ ಒಂದು ವರ್ಷ ಹೋದಂತೆ, ಮತ್ತು ಮುಂದಿನ ವರ್ಷ ಓದಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಅವಳ ಅಣ್ಣ ಅದನ್ನು ಬಾಯಿಬಿಟ್ಟು ಹೇಳಿದ್ದ.

ಹಫೀಜಾ ಮೊದಲು ಮಾಡಿದ್ದು ಏಟಿಗೆ ಮುಂಚೆ ಸಂಖ್ಯೆ ಕೂಗುವುದು. ಅದು ನಡೆಯಲಿಲ್ಲ. ವಾಕ್ಯದ ನಡುವೆ ಸಂಖ್ಯೆ ಬಂದರೆ ಓಟ ಮುರಿಯುತ್ತಿತ್ತು, ಗೊತ್ತಿದ್ದ ಪದವೂ ಬಾಯಿಗೆ ಬರುತ್ತಿರಲಿಲ್ಲ. ನಾಲ್ಕನೇ ದಿನ ಅವರು ಸೋಲು ಒಪ್ಪಿಕೊಂಡರು. ಬರೆದೇ ಕಲಿಯಬೇಕು, ಬರೆಯಲು ಕೈ ಒಣಗಬೇಕು. ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆಂದು ಸುಕ್ಕಾದ ಬೆರಳು ಪೆನ್ನು ಹಿಡಿಯುವುದಿಲ್ಲ. ಅದಕ್ಕೆ ಕಾಲು ಗಂಟೆ ಬಿಡುವು ಬೇಕು, ಎಂದರೆ ಮೋಟಾರು ನಿಲ್ಲಬೇಕು.

ಇದ್ರೀಸ್ ಒಪ್ಪಲು ಎರಡು ದಿನ ತೆಗೆದುಕೊಂಡರು. "ಆಪಾ, ಬಾಯಲ್ಲಿ ಹೇಳ್ಕೊಡಿ, ಎಷ್ಟು ಬೇಕಾದ್ರೂ ಹೇಳ್ಕೊಡಿ, ನಾನು ಯಾವತ್ತಾದ್ರೂ ಬೇಡ ಅಂದಿದೀನಾ? ಮೋಟಾರ್ ನಿಲ್ಲಿಸಿದ್ರೆ ಬೇಸಿನ್ ನೀರು ಆರೋಗ್ತೈತೆ, ಗೂಡು ಗಟ್ಟಿಯಾಯ್ತೈತೆ."

"ಒಂಬತ್ತು ವರ್ಷ ನಿಮ್ಮ ಮೋಟಾರ್ ನಿಲ್ಲದಂಗೆ ನೋಡ್ಕೊಂಡೆ ಸಾಬ್," ಎಂದರು ಹಫೀಜಾ. "ಅದಕ್ಕೇ ಹಿಂಗಾಗಿರೋದು."

ಹನ್ನೊಂದು ದಿನ, ಬೆಳಿಗ್ಗೆ ಹತ್ತಕ್ಕೆ, ಕಾಲು ಗಂಟೆ ಮೋಟಾರು ನಿಂತಿತು. ಗೂಡಿನ ಮಾರುಕಟ್ಟೆಯ ಚೀಟಿಗಳ ಹಿಂಬದಿಯಲ್ಲಿ ಸುಹಾನಾ ಸಂಖ್ಯೆ ಹಾಕಿ, ಪದ ಬರೆದು, ಕೆಳಗೆ ಗೆರೆ ಎಳೆದಳು. ಉಳಿದವರು ಪರೀಕ್ಷೆ ಇಲ್ಲದಿದ್ದರೂ ಕೂತು ಬರೆದರು. ಪರೀಕ್ಷೆಗೆ ಎರಡು ದಿನ ಮೊದಲು ಮರುಮೌಲ್ಯಮಾಪನದ ಉತ್ತರ ಮೊಬೈಲಿಗೆ ಬಂತು. ಎರಡೇ ಪದ: ಬದಲಾವಣೆ ಇಲ್ಲ.

ಅಂದರೆ ಎರಡನೇ ಬಾರಿಗೂ ಯಾರೋ ಆ ಪುಟ ತೆರೆದಿದ್ದಾರೆ. ಸರಿಯಾದ ನಾಲ್ಕು ಪದಗಳನ್ನು ನೋಡಿದ್ದಾರೆ. ಸೊನ್ನೆಯನ್ನೂ ನೋಡಿದ್ದಾರೆ. ಪುಟ ಮಗುಚಿದ್ದಾರೆ.

ಜೂನ್ ಮೂರನೇ ವಾರ ಫಲಿತಾಂಶ ಬಂದಾಗ ಸುಹಾನಾ ಏಳನೇ ಬೇಸಿನ್ ಮುಂದೆ ಇದ್ದಳು. ಫೋನ್ ನೋಡಿದ್ದು ಇದ್ರೀಸ್. ಅವರು ಹೋಗಿ ಮೋಟಾರಿನ ಸ್ವಿಚ್ ಆರಿಸಿದರು. ಕರೆಂಟ್ ಹೋಯಿತೆಂದು ಎಲ್ಲರೂ ತಲೆ ಎತ್ತಿದಾಗ, "ಪಾಸ್ ಆಗವ್ಳೆ. ಎಂಟು ಅಂಕ ಜಾಸ್ತಿನೇ ಐತೆ," ಎಂದರು. ಸುಹಾನಾ ಒದ್ದೆ ಕೈಯಲ್ಲೇ ಎದ್ದು ಬಂದು ಹಫೀಜಾರ ಭುಜ ಹಿಡಿದಳು. ಗಂಗಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ಹಬೆ ಎಂದರು.

ಗಡುವಿಗೆ ನಾಲ್ಕು ದಿನ ಉಳಿದಾಗ ಅರ್ಜಿ ಹೋಯಿತು. ಈಗ ಸುಹಾನಾ ಐಟಿಐ ಸೇರಿ ಮೂರು ತಿಂಗಳು. ತರಗತಿಯಲ್ಲಿ ಇಪ್ಪತ್ತನಾಲ್ಕು ಮಂದಿ, ಅವರಲ್ಲಿ ಹುಡುಗಿಯರು ಇಬ್ಬರು. ಏಳನೇ ಬೇಸಿನ್ನಿಗೆ ಹೊಸಬರು ಬಂದಿದ್ದಾರೆ, ಅವರೂ ಪರೀಕ್ಷೆ ಕಟ್ಟುತ್ತಾರಂತೆ. ಬೆಳಿಗ್ಗೆ ಲೋಟದ ಪಾಠ, ಹತ್ತಕ್ಕೆ ಕಾಲು ಗಂಟೆ ಚೀಟಿಯ ಪಾಠ. ಮೋಟಾರು ನಿಲ್ಲಿಸುವ ಪದ್ಧತಿಯನ್ನು ಇದ್ರೀಸ್ ಮುಂದುವರಿಸಿದ್ದಾರೆ. ಯಾರೂ ಕೇಳದಿದ್ದರೂ, ಬೇಸಿನ್ನಿಗೂ ವಿಶ್ರಾಂತಿ ಬೇಕು ಎಂದು ಕಾರಣ ಹೇಳುತ್ತಾರೆ.

ಸುಹಾನಾಳ ಮಾರ್ಚ್ ತಿಂಗಳ ಉತ್ತರ ಪತ್ರಿಕೆಯಲ್ಲಿ ಆ ಸೊನ್ನೆ ಈಗಲೂ ಹಾಗೆಯೇ ಇದೆ. ಅದು ತಪ್ಪು ಎಂದು ಒಪ್ಪಿಕೊಳ್ಳುವ ಯಾವ ಕಾಗದವೂ ಎಲ್ಲಿಂದಲೂ ಬಂದಿಲ್ಲ. ಖಾಸಗಿ ಅಭ್ಯರ್ಥಿಗಳಿಗೆ ಉತ್ತರ ಬರೆಯುವ ರೀತಿಯನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಒಂದು ಪುಟದಲ್ಲಿ ಅಚ್ಚು ಹಾಕಿಸಿ ಪ್ರವೇಶಪತ್ರದ ಜೊತೆ ಕೊಡಿ ಎಂದು ಹಫೀಜಾ ಬರೆದ ಮನವಿಗೂ ಉತ್ತರವಿಲ್ಲ. ಮನವಿಯ ಕೆಳಗೆ ಅವರು ತಮ್ಮ ಹೆಸರಿನ ಮುಂದೆ ಗೂಡು ಆರಿಸುವವರು ಎಂದೇ ಬರೆದಿದ್ದರು.

ಕೆಹಕಶಾನ್ ಮತ್ತೆ ಪರೀಕ್ಷೆ ಕಟ್ಟಲು ಒಪ್ಪಿದ್ದಾಳೆ. ಉಳಿದ ಐವರು ಒಪ್ಪಿಲ್ಲ, ಸಾಕು ಖಾಲಾ ಎಂದಿದ್ದಾರೆ. ಪತ್ತೆಯಾಗದೆ ಉಳಿದಿದ್ದವಳು ಖತೀಜಾ. ಮೂರು ವರ್ಷದ ಹಿಂದೆ ಫೇಲಾಗಿ, ಮದುವೆಯಾಗಿ ಊರು ಬಿಟ್ಟವಳು. ಫೋನ್ ನಂಬರ್ ಬದಲಾಗಿತ್ತು. ಕಳೆದ ವಾರ ಯಾರೋ ವಿಳಾಸ ಕೊಟ್ಟರು, ಕನಕಪುರದ ಬಸ್ ನಿಲ್ದಾಣದ ಹಿಂದಿನ ಬೀದಿ. ಈ ಭಾನುವಾರ ಹಫೀಜಾ ಅಲ್ಲಿಗೆ ಹೊರಟಿದ್ದಾರೆ.

ಪರೀಕ್ಷೆ ಬರೆ ಎಂದು ಹೇಳಲು ಹೋಗುತ್ತಿದ್ದೀರಾ ಎಂದರೆ ತಲೆಯಾಡಿಸುತ್ತಾರೆ.

"ಬರೆಯೋದು ಬಿಡೋದು ಅವಳಿಷ್ಟ. ಅವತ್ತು ರಿಸಲ್ಟ್ ಬಂದಾಗ ನನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ ಖಾಲಾ ಅಂದ್ಲು. ನಾನೂ ಗೂಡು ಆರಿಸ್ತಾ ಆರಿಸ್ತಾ ಹೂಂ ಅಂದ್ಬುಟ್ಟೆ. ಆ ಹೂಂ ಅನ್ನ ವಾಪಸ್ ತಗಂಡು ಬತ್ತೀನಿ."